ಇಪ್ಪತ್ತಮೂರು ಹೆಸರುಗಳು

ಒಂಬತ್ತನೇ ಹೆಸರಿಗೆ ಮೈಕ್ ನಿಂತುಹೋಯಿತು. ರಾಬಿಯಾ ನಿಲ್ಲಿಸಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು, ಬರಿಗಂಟಲಲ್ಲೇ ಹಾಡಿದರು.

"ಸಾಕು, ಸಾಕಮ್ಮ!" ಕನ್ನಡ ಕೂಟದ ಕಾರ್ಯದರ್ಶಿ ಉಮಾನಾಥ ಕೈಯೆತ್ತಿದರು. ಸ್ವಿಚ್ ಆರಿಸಿದ್ದೂ ಅವರೇ. "ಇಂಚರ, ಸ್ವಲ್ಪ ಹೇಳಮ್ಮಾ ಅವರಿಗೆ. ಹಾಡು ಸೂಪರ್. ಕೊನೇಲಿ ಈ ಹಾಜರಿ ಕೂಗೋದು ಮಾತ್ರ ಬೇಡ."

ಮಲೇಷ್ಯಾದ ಸುಬಾಂಗ್ ಜಯಾದ ಆ ಸಭಾಂಗಣದಲ್ಲಿ ಸಂಜೆಗೆ 'ಅನ್ನ' ಎಂಬ ಕಾರ್ಯಕ್ರಮ; ಈಗ ಅದರ ತಾಲೀಮು. ರಾಬಿಯಾ ಹತ್ತಿರದ ನಿಲಾಯ್ ಊರಿನಲ್ಲಿ ಓದುತ್ತಿದ್ದ ಇಂಚರಳ ಹಾಸ್ಟೆಲಿನ ಅಡುಗೆಯವರು, ಬಾಂಗ್ಲಾದೇಶದವರು. ಎಂಬತ್ತು ವರ್ಷಗಳ ಹಿಂದೆ ಬಂಗಾಳದಲ್ಲಿ ಲಕ್ಷಾಂತರ ಜನರನ್ನು ಕೊಂದ ಕ್ಷಾಮವನ್ನು ಅವರು 'ನಾನಿ' ಎನ್ನುತ್ತಿದ್ದ ಅಜ್ಜಿ ಊರಿನ ಹಳೆಯ ಧಾಟಿಯಲ್ಲಿ ಹಾಡಾಗಿ ಕಟ್ಟಿದ್ದರು. ಅನ್ನ ಕೇಳುವ ಧೈರ್ಯವೂ ಉಳಿಯದೆ, ಬಸಿದ ಗಂಜಿಯಾದರೂ ಕೊಡಿ ತಾಯಿ ಎಂದು ಬಾಗಿಲಿಂದ ಬಾಗಿಲಿಗೆ ಅಲೆದವರ ಹಾಡು. ಇಂಚರ ಒಂದು ತಿಂಗಳು ಕೂತು ಅದನ್ನು ಕನ್ನಡಕ್ಕೆ ತಂದಿದ್ದಳು. ಕೊನೆಯ ಹೆಸರುಗಳ ಪಕ್ಕ ಪೆನ್ಸಿಲಿನಲ್ಲಿ 'ಪಟ್ಟಿ, ಬಿಡಬಹುದು' ಎಂದು ಬರೆದವಳೂ ಅವಳೇ. ಆ ಹಾಳೆ ಈಗ ಉಮಾನಾಥರ ಕೈಯಲ್ಲಿತ್ತು.

"ನೋಡು, ನೀನೇ ಬರ್ದಿದೀಯ. ಮುನ್ನೂರು ಜನ, ಊಟದ ಹೊತ್ತು, ಚಿಕ್ಕ ಮಕ್ಕಳು ಬೇರೆ. ಸತ್ತವರ ಹೆಸರು ಕೇಳ್ಕೊಂಡು ಹೋಳಿಗೆ ತಿನ್ನೋಕಾಗುತ್ತಾ? ನನಗೇನು ಇವರ ಮೇಲೆ ದ್ವೇಷಾನಾ?"

ಇಂಚರ ಹಿಂದಿಯಲ್ಲಿ ತಿಳಿಸಿದಳು. ಕಷ್ಟಪಟ್ಟು, ನೆಲ ನೋಡುತ್ತ.

"ನಿಮ್ಮ ಕನ್ನಡದ ದಾಸರ ಹಾಡುಗಳ ಕೊನೆಗೆ ದೇವರ ಹೆಸರು ಬರುತ್ತೆ ಅಂದಿದ್ದೆಯಲ್ಲ, ಬೇಟಿ?" ಎಂದರು ರಾಬಿಯಾ. "ನಮ್ಮಲ್ಲಿ ಹಾಡು ಕಟ್ಟಿದವರ ಹೆಸರು ಬರುತ್ತೆ. ನಾನಿ ತನ್ನದು ಇಡಲಿಲ್ಲ. ನಮ್ಮೂರಲ್ಲಿ ಸತ್ತವರನ್ನ ಹೂಳೋಕೂ ಜನ ಇರಲಿಲ್ಲ, ಸುಡೋಕೂ ಇರಲಿಲ್ಲ. ತನ್ನ ಹೆಸರಿನ ಜಾಗದಲ್ಲಿ ಅವರನ್ನ ಇಟ್ಟಳು."

ಇಂಚರಳ ಕಿವಿ ಬಿಸಿಯಾಯಿತು. ಒಂದು ತಿಂಗಳಲ್ಲಿ ಒಮ್ಮೆಯೂ ಅವಳು ಇದನ್ನು ಕೇಳಿರಲಿಲ್ಲ.

"ಅಂಕಲ್, ಅದು ಪಟ್ಟಿ ಅಲ್ಲ. ಅಂಕಿತ. ತಪ್ಪು ನಂದು."

"ಅಯ್ಯೋ, ಆಯ್ತು ಲಾ!" ಉಮಾನಾಥ ಮಲೇಷ್ಯಾದವರ ಹಾಗೆ 'ಲಾ' ಸೇರಿಸಿ, ಗಡಿಯಾರ ನೋಡಿದರು. "ನಾನೂ ಮನುಷ್ಯನೇ. ಇಪ್ಪತ್ಮೂರು ಬೇಡ, ಐದು ಇರಲಿ. ಕೇಳೋಕೆ ಚೆನ್ನಾಗಿರೋ ಐದು. ಇವರಿಗೆ ಮುಂದಿನ ಸಾಲಲ್ಲಿ ಸೀಟು, ಶಾಲು, ಎಲ್ಲಾ ಮಾಡೋಣ." ಜೇಬಿನಿಂದ ಪೆನ್ನು ತೆಗೆದು ಹಾಳೆಯ ಜೊತೆ ಚಾಚಿದರು. "ತಗೋ, ಟಿಕ್ ಹಾಕು."

ಕಾಸಿಂ. ಹರಿಪದ. ಜಮೀಲಾ. ಜಮೀಲಾಳ ಇನ್ನೂ ಹೆಸರಿಡದ ಕೂಸು.

ಇಂಚರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹಾಕಲ್ಲ."