ಅತ್ತೆಯ ನೂರ ಹನ್ನೆರಡು ಉತ್ತರಗಳು

ಊಟ-ತಿಂಡಿಯ ಬಗ್ಗೆ ಮೂರು ವಾರದ ಹಿಂದೆ ಕೇಳಿದ್ದ ನೂರ ಹನ್ನೆರಡು ಪ್ರಶ್ನೆಗಳನ್ನೇ ಸೋದರತ್ತೆಗೆ ಮತ್ತೆ ಕೇಳಿದೆ. ಜನ ಎರಡು ಸಲವೂ ಒಂದೇ ಉತ್ತರ ಕೊಡುತ್ತಾರೋ ಇಲ್ಲವೋ ಎಂಬುದೇ ನನ್ನ ಸಂಶೋಧನೆ. ನಲವತ್ತು ಜನ ಕೈಕೊಟ್ಟಿದ್ದರು. ದಿನಕ್ಕೊಂದು ಮೊಟ್ಟೆ ಎಂದಿದ್ದ ಮಹಾಶಯನೊಬ್ಬ ಎರಡನೇ ಸಲ ಮೊಟ್ಟೆ ಮುಟ್ಟುವುದೇ ಇಲ್ಲ ಎಂದಿದ್ದ. ಅತ್ತೆಯವು ಮಾತ್ರ ಅಲ್ಲಿಯವರೆಗಿನ ನೂರ ಹನ್ನೊಂದೂ ತಾಳೆಯಾಗಿದ್ದವು!

"ಕೊನೇ ಪ್ರಶ್ನೆ ಅತ್ತೆ. ವಾರಕ್ಕೆ ಎಷ್ಟು ಬಿಸ್ಕತ್ತು ತಿಂತೀರಿ?"

"ಒಂದೂ ಇಲ್ಲಪ್ಪ."

ಅದೂ ತಾಳೆ! ಕುಣಿಯುವಂತಾಗಿ ಎದ್ದು ನಿಂತೆ. ನೋಡಿದರೆ, ನನಗೆಂದು ಇಟ್ಟಿದ್ದ ತಟ್ಟೆ ಖಾಲಿ. ಅತ್ತೆಯ ಮಡಿಲ ತುಂಬ ಬಿಸ್ಕತ್ತಿನ ಪುಡಿ.

"ಅತ್ತೆ, ಇದೇನಿದು?"

"ಡಾಕ್ಟರಿಗೂ ಹತ್ತು ವರ್ಷದಿಂದ ಇದನ್ನೇ ಹೇಳ್ತಿದೀನಿ," ಅತ್ತೆ ಬಾಯಿ ಒರೆಸಿಕೊಂಡರು. "ನಾನು ಮಾತು ಬದಲಾಯಿಸೋಳಲ್ಲ."