ಮೂವತ್ತೊಂದನೆಯ ಪುಟದ ಹಕ್ಕಿ

ಮೂವತ್ತೊಂದನೆಯ ಪುಟದ ಅಂಚಿನಲ್ಲಿ, ಪೆನ್ಸಿಲಿನಿಂದ ಒಂದೇ ಎಳೆಯಲ್ಲಿ ಬರೆದ ಒಂದು ಹಕ್ಕಿಯಿತ್ತು. ಕೊಕ್ಕು, ತಲೆ, ಬೆನ್ನು ಎಲ್ಲ ಇದ್ದು ಬಾಲ ಮಾತ್ರ ಇರಲಿಲ್ಲ. ಅದನ್ನು ಮೊದಲು ಕಂಡಾಗ ನನಗೆ ಇಪ್ಪತ್ತು ವರ್ಷ. ಅಕ್ಕನ ಬಾಣಂತನಕ್ಕೆಂದು ಆ ಊರಿಗೆ ಹೋಗಿದ್ದೆ. ಕೂಸು ಮಲಗಿದಾಗ ಹೊತ್ತು ಹೋಗದೆ ಬೀದಿಯ ಕೊನೆಯ ವಾಚನಾಲಯದ ದಾರಿ ಹಿಡಿದೆ.

ಅದನ್ನು ನಡೆಸುತ್ತಿದ್ದವರು ಜಿನ್ನಪ್ಪ ಮಾಸ್ತರರು. ಯಾವ ಪುಸ್ತಕ ಬಂದರೂ ಅದರ ಚಂದದ ಹೊದಿಕೆ ಕಿತ್ತು, ಕಂದು ರಟ್ಟು ಕಟ್ಟಿ, ಬೆನ್ನ ಮೇಲೆ ಬರೀ ನಂಬರು ಬರೆಯುವುದು ಅವರ ಪದ್ಧತಿ. ಹೊರಗಿನಿಂದ ನೋಡಿದರೆ ಪ್ರೇಮದ ಕಾದಂಬರಿಯೂ ಒಂದೇ, ಹಾವು ಕಡಿತದ ಚಿಕಿತ್ಸೆಯೂ ಒಂದೇ. ಓದಿದ್ದನ್ನೇ ಮತ್ತೆ ಒಯ್ದು ಮೋಸಹೋಗಬಾರದೆಂದು ಓದುಗರು ಮೂವತ್ತೊಂದನೆಯ ಪುಟದಲ್ಲಿ ತಮ್ಮ ತಮ್ಮ ಗುರುತು ಹಾಕುತ್ತಿದ್ದರು. ಒಬ್ಬರದು ಶಂಖ, ಇನ್ನೊಬ್ಬರದು ಬರೀ ಎರಡು ಗೀಟು. ಬೇರೆ ಪುಟ ಮುಟ್ಟಿದರೆ ಕೆಂಡಾಮಂಡಲವಾಗುತ್ತಿದ್ದ ಮಾಸ್ತರರು ಆ ಒಂದು ಪುಟವನ್ನು ಮಾತ್ರ ಊರಿಗೆ ಬಿಟ್ಟುಕೊಟ್ಟಿದ್ದರು.

ಕಣ್ಣೀರಿನ ಕಾದಂಬರಿಗಳನ್ನು ಬಿಟ್ಟು ಲೋಕದಲ್ಲಿ ಬೇರೆ ಪುಸ್ತಕಗಳಿವೆಯೆಂಬುದೇ ನನಗಾಗ ಗೊತ್ತಿರಲಿಲ್ಲ. ನಾನು ಬಹಳ ಮೆಚ್ಚಿದ ಒಂದು ಕಾದಂಬರಿಯಲ್ಲಿ ಆ ಹಕ್ಕಿ ಇತ್ತು. ಮುಂದಿನ ವಾರ ಕಾದಂಬರಿಯೆಂದೇ ಒಯ್ದದ್ದು ಇರುವೆಗಳ ಬಾಳಿನ ಪುಸ್ತಕವಾಗಿತ್ತು. ಕೊಟ್ಟು ಬರೋಣವೆಂದು ಎದ್ದವಳು ಅದರಲ್ಲೂ ಹಕ್ಕಿಯನ್ನು ಕಂಡು ಕೂತೆ. ಹಕ್ಕಿಯ ಮೇಲಿನ ನಂಬಿಕೆಯಿಂದಲೇ ಓದಿದೆ. ರಾಣಿ ಇರುವೆ ತನ್ನ ರೆಕ್ಕೆಗಳನ್ನು ತಾನೇ ಉದುರಿಸಿ ನೆಲದೊಳಗಿನ ಕತ್ತಲೆಗೆ ಇಳಿಯುವುದನ್ನು ಓದಿದಾಗ ಅತ್ತುಬಿಟ್ಟೆ.

ಆಮೇಲೆ ಹಕ್ಕಿ ಹೋದಲ್ಲಿಗೆಲ್ಲ ನಾನೂ ಹೋದೆ. ಉಪ್ಪಿನ ಇತಿಹಾಸ, ಹಡಗಿನ ಅಡಿಗೆಯವನ ಪ್ರವಾಸ, ಕುಷ್ಠರೋಗಿಗಳ ನಡುವೆ ಬಾಳಿದ ವೈದ್ಯೆಯೊಬ್ಬಳ ದಿನಚರಿ, ನಡುವೆ ದೆವ್ವದ ಕತೆ, ಪತ್ತೇದಾರಿ. ಒಲೆಯ ಮೇಲಿನ ಹಾಲು ಉಕ್ಕಿಸಿ ಅಕ್ಕನಿಂದ ಸಹಸ್ರನಾಮ ಮಾಡಿಸಿಕೊಂಡೆ. ಹಕ್ಕಿಯ ಒಡೆಯರು ಗಂಡೋ ಹೆಣ್ಣೋ ತಿಳಿಯದು, ಆದರೆ ಅವರಷ್ಟು ಹತ್ತಿರದವರು ಆ ಊರಲ್ಲಿ ನನಗೆ ಬೇರೆ ಇರಲಿಲ್ಲ.

ನಾಲ್ಕು ತಿಂಗಳಿಗೆ ಹಕ್ಕಿಗಳು ಮುಗಿದವು. ಹೊಸದಾಗಿ ಬಂದ ಪುಸ್ತಕಗಳಲ್ಲಿ ಒಂದೂ ಇರಲಿಲ್ಲ. ಬರಿದಾದ ಅಂಚನ್ನು ಕಂಡರೆ ಸಂಕಟವಾಗುತ್ತಿತ್ತು. ಒಂದು ಮಧ್ಯಾಹ್ನ, ಮೆಚ್ಚಿದ ಹೊಸ ಪುಸ್ತಕವೊಂದರಲ್ಲಿ ನಾನೇ ಹಕ್ಕಿ ಬರೆದೆ, ಬಾಲವಿಲ್ಲದೆ, ಒಂದೇ ಎಳೆಯಲ್ಲಿ. ಹಾಗೆ ಹನ್ನೊಂದು ಪುಸ್ತಕಗಳಲ್ಲಿ ಬರೆದೆ. ತಪ್ಪೆಂದು ತೋರಲೇ ಇಲ್ಲ.

ಆ ದಿನಗಳಲ್ಲೇ ಒಬ್ಬ ವಯಸ್ಸಾದ ಹೆಂಗಸು ದಿನವೂ ಬಂದು ವಾಚನಾಲಯದ ಬಾಗಿಲೆದುರಿನ ಬೆಂಚಿನಲ್ಲಿ ಕೂರತೊಡಗಿದರು. ಒಳಬರುವ ಪ್ರತಿ ಹುಡುಗಿಯ ಮುಖವನ್ನೂ ನೋಡುತ್ತಿದ್ದರು. ಯಾರೆಂದು ಕೇಳಿದಾಗ ಮಾಸ್ತರರು ದನಿ ತಗ್ಗಿಸಿದರು. ಅವರು ರಾಧಾಬಾಯಿ. ಮಗಳು ಮಂದಾಕಿನಿ ಮೂರು ವರ್ಷದ ಹಿಂದೆ ಬಟ್ಟೆ ಒಗೆಯಲು ಹೊಳೆಗೆ ಹೋದವಳು ತಿರುಗಿ ಬರಲಿಲ್ಲ. ಬಟ್ಟೆ ಕಲ್ಲಿನ ಮೇಲೆ ಸಿಕ್ಕಿತು, ದೇಹ ಸಿಗಲಿಲ್ಲ. ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸೋಣವೆಂದರೆ ತಾಯಿ ಒಪ್ಪಿರಲಿಲ್ಲ. ಹಕ್ಕಿ ಮಂದಾಕಿನಿಯ ಗುರುತು. ಓದು ಅಷ್ಟಾಗಿ ಬಾರದ ತಾಯಿ, ಮಗಳು ಓದಿದ್ದನ್ನೆಲ್ಲ ಹಕ್ಕಿ ಹಿಡಿದು ಹುಡುಕಿ, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಅಂತೂ ಈ ವರ್ಷ ಮೈದುನನ ಮಾತಿಗೆ ತಲೆಯಾಡಿಸಿ ಕರ್ಮಕ್ಕೆ ದಿನ ಗೊತ್ತುಮಾಡಿದ್ದರು. ಅಷ್ಟರಲ್ಲಿ ಈ ವರ್ಷವೇ ಬಂದ ಪುಸ್ತಕವೊಂದರಲ್ಲಿ ಹಕ್ಕಿ ಕಂಡಿತು. ಭಟ್ಟರನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟರು.

"ಮಗಳು ಊರಾಗs ಅದಾಳ, ಮನೀಗೆ ಬರಲಿಕ್ಕೆ ಅಂಜಲಿಕತ್ತಾಳ ಅಂತಾರ," ಎಂದರು ಮಾಸ್ತರರು.

ಆ ಹಕ್ಕಿ ನಾನು ಬರೆದದ್ದು. ಎರಡು ದಿನ ವಾಚನಾಲಯದ ಕಡೆ ಹೋಗಲಿಲ್ಲ. ಸುಮ್ಮನಿದ್ದರೆ ಆ ತಾಯಿ ಸಾಯುವ ತನಕ ಆ ಬೆಂಚಿನಲ್ಲಿ ಕಾಯುತ್ತಾರೆ. ಹೇಳಿದರೆ ಅವರ ಮಗಳನ್ನು ನಾನೇ ಎರಡನೆಯ ಸಲ ಕೊಂದ ಹಾಗೆ. ಮೂರನೆಯ ದಿನ ಹೋಗಿ ಅವರ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಒಂದು ಚೀಟಿ, ಪೆನ್ಸಿಲು ಕೊಟ್ಟು ಬರೆಯೆಂದರು. ಬರೆದೆ. ಅವರು ಹಕ್ಕಿಯನ್ನು ನೋಡಲಿಲ್ಲ, ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಯಾವ್ಯಾವ ಪುಸ್ತಕ ಎಂದು ಕೇಳಿದರು. ನಾನು ಒಂದೊಂದೇ ಹೆಸರು ಹೇಳಿದಂತೆ ಅವರು ಬೆರಳು ಮಡಿಸುತ್ತ ಬಂದರು.

"ನಕ್ಷತ್ರದ ಪುಸ್ತಕ ಬಿಟ್ಟಿ ನೋಡು," ಎಂದರು. "ಮೊನ್ನೆ ಬಂದದ್ದು. ಅದರಾಗೂ ಹಕ್ಕಿ ಅದ. ಅದನ್ನೂ ನೀನs ಬರದೀಯೇನು?"

ನಕ್ಷತ್ರದ ಪುಸ್ತಕವನ್ನು ನಾನು ಮುಟ್ಟಿಯೂ ಇರಲಿಲ್ಲ. ನನ್ನಂತೆಯೇ ಹಕ್ಕಿಗೆ ಮನಸೋತ ಇನ್ನಾರೋ ಓದುಗರು ಬರೆದಿರಬಹುದು. ಬರೆಯದೆಯೂ ಇರಬಹುದು. ಅವರ ಮುಖದಲ್ಲಿ ಆಸೆಯಿತ್ತೋ ದಣಿವಿತ್ತೋ ಇಂದಿಗೂ ಹೇಳಲಾರೆ.

"ಹೌದ್ರಿ," ಎಂದೆ. "ಅದೂ ನಾನs ಬರದದ್ದು."

ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಅಕಿ ಇದ್ದಿದ್ರ ನಿನ್ನ ಕೂಡ ಭಾಳ ಮಾತಾಡತಿದ್ಲು," ಎಂದು ಎದ್ದು ಹೋದರು.

ಅವರು ಹೋದ ಮೇಲೆ ಕಪಾಟಿನಿಂದ ಆ ಪುಸ್ತಕ ತೆಗೆದು ನೋಡಿದೆ. ನನ್ನ ಹಕ್ಕಿಗಳು ಎಷ್ಟೆಂದರೂ ನಕಲು, ಕುತ್ತಿಗೆಯ ತಿರುವಿನಲ್ಲಿ ಕೈ ತಡೆದು ಗೀಟು ದಪ್ಪವಾಗುತ್ತಿತ್ತು. ಇದರಲ್ಲಿ, ಮಂದಾಕಿನಿಯ ಹಳೆಯ ಹಕ್ಕಿಗಳಲ್ಲಿದ್ದಂತೆಯೇ, ಕೈ ಎಲ್ಲೂ ತಡೆದಿರಲಿಲ್ಲ. ಓಡಿಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವಾರ ಹೊಳೆಯ ದಂಡೆಯಲ್ಲಿ ದರ್ಭೆಯ ಬೊಂಬೆಯನ್ನು ಸುಟ್ಟರು.

ಅಂದಿನಿಂದ ಇಂದಿನವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಯಾವ ಪುಸ್ತಕ ಹಿಡಿದರೂ ಮೊದಲು ಮೂವತ್ತೊಂದನೆಯ ಪುಟವನ್ನು ತೆರೆಯುತ್ತೇನೆ, ತೆರೆಯುವಾಗ ಭಯವಾಗುತ್ತದೆ. ಕರುಣೆಯಿಂದ ಆಡಿದ ಸುಳ್ಳೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ಮನಸ್ಸು ಒಪ್ಪುವುದಿಲ್ಲ.

ನಾನು ಊರು ಬಿಟ್ಟ ಬೆಳಿಗ್ಗೆ ಅಕ್ಕ ಕೂಸನ್ನೆತ್ತಿಕೊಂಡು ಕಳಿಸಲು ಬಂದಿದ್ದಳು. ದಾರಿಯಲ್ಲಿ ರಾಧಾಬಾಯಿಯವರ ಮನೆ. ಮಗಳು ಯಾವ ಹೊತ್ತಿಗೆ ಬಂದಾಳೋ ಎಂದು ಮೂರು ವರ್ಷ ಹಗಲೂ ಇರುಳೂ ತೆರೆದೇ ಇತ್ತಂತೆ ಅದರ ಬಾಗಿಲು. ಈಗ ಮುಚ್ಚಿತ್ತು, ಒಳಗಿನಿಂದ ಅಗಳಿ ಹಾಕಿತ್ತು. ಯಾರಾದರೂ ಬಂದು ಹೊರಗೆ ನಿಂತು ಮೆಲ್ಲಗೆ ತಟ್ಟಿದರೆ ಒಳಗೆ ಕೇಳಿಸೀತೇ ಎಂದು ಯೋಚಿಸುತ್ತ ನಾನು ಬೀದಿಯಲ್ಲೇ ನಿಂತುಬಿಟ್ಟೆ.