ಬೀಗದ ಬಡೇಸಾಬ್

“ಕೈ ತೆಗಿ ಲೇ,” ಎನ್ನುತ್ತ ಶಬ್ಬೀರ್ ಸಾಹೇಬರು ಹೆಣ ಹೊರುವ ಜನಾಜಾದ ಕೋಲು ಹಿಡಿದಿದ್ದ ನೌಮಾನನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. “ಹೆಗಲು ಕೊಡಾಕೆ ಮರ್ಯಾದಸ್ಥರು ಬೇಕಾದಷ್ಟು ಜನ ಅದೀವಿ.”

ಇದ್ದರು, ಸುಳ್ಳಲ್ಲ. ದಾವಣಗೆರೆಯ ಆ ಗಲ್ಲಿಯ ಮರ್ಯಾದಸ್ಥರೆಲ್ಲ ಇಸ್ತ್ರಿ ಮುರಿಯದ ಬಿಳಿ ಪೈಜಾಮದಲ್ಲಿ ಬಂದು ನಿಂತಿದ್ದರು. ಸತ್ತ ಬಡೇಸಾಬ್ ನಲವತ್ತು ವರ್ಷ ಮಂಡಿಪೇಟೆಯ ಫುಟ್‌ಪಾತಿನಲ್ಲಿ ಬೀಗ ರಿಪೇರಿ ಮಾಡಿದವನು. ಬದುಕಿದ್ದಾಗ ಅವನ ಸಲಾಮಿಗೆ ಇವರಲ್ಲೊಬ್ಬರೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಬಾಲಮಂದಿರದಿಂದ ಬಿಡುಗಡೆಯಾದ ನೌಮಾನನಂಥ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುತ್ತಿದ್ದನಲ್ಲ, ಅದೇ ಅವನ ಅಪರಾಧ. ‘ಕಳ್ಳರಿಗೆ ಬೀಗ ತೆಗೆಯೋದು ಕಲಿಸೋ ಕಾಲೇಜು’ ಎಂದು ಶಬ್ಬೀರ್ ಸಾಹೇಬರು ನಗುತ್ತಿದ್ದರು. ಅವರು ಜಮಾತಿನ ಸೆಕ್ರೆಟರಿ, ನಕ್ಕರೆ ಜೊತೆಗೆ ನಾಲ್ಕು ಜನ ನಗಲೇಬೇಕು.

ಬಾಗಿಲಲ್ಲಿ ನಿಂತಿದ್ದ ಬಡೇಸಾಬನ ಹೆಂಡತಿ ಫಕ್ರುನ್ನೀಸಾ ಕೈಮುಗಿದಳು. “ಒಂದ್ ನಾಕ್ ಹೆಜ್ಜಿ ಹೊರ್ಲಿ ಬಿಡ್ರಿ. ದವಾಖಾನ್ಯಾಗ ಹನ್ನೊಂದು ದಿನ ಇವ್ರನ್ನ ಎತ್ತಿ ಇಳಿಸಿದ್ದು ಅವ್ನೇ.”

“ಮನೆ ನುಗ್ಗಿ ಮುದುಕಿಗೆ ಹೊಡ್ದಿದ್ ಕೈ ಅದು, ಭಾಭಿ. ಸತ್ತೋರಿಗೆ ತಾಗಬಾರ್ದು.”

“ಆ ಮುದುಕಿ ನಾನೇ, ಸಾಬ್ರೇ.” ಹೆಂಗಸರ ನಡುವಿನಿಂದ ನಿಟ್ಟುವಳ್ಳಿಯ ಓಬವ್ವ ಎದ್ದಳು. ಅವಳ ಎಡಗೈ ಮೊಣಕೈಯಲ್ಲಿ ಸೊಟ್ಟಗಿತ್ತು. “ಮುರ್ದಿದ್ದು ನನ್ ಕೈ. ನಾನೇ ಸುಮ್ನಿದೀನಿ, ನಿಮ್ದೇನು ಮುರಿದೈತೆ?”

ಸಾಹೇಬರು ವಾಚು ನೋಡಿಕೊಂಡು, ಹರಿಹರ ಮುಟ್ಟುವಷ್ಟರಲ್ಲಿ ನಮಾಜಿಗೆ ಹೊತ್ತಾಗುತ್ತದೆ ಎಂದರು. ಜನಾಜಾ ಗಲ್ಲಿಯ ತುದಿಯಲ್ಲಿ ನಿಂತಿದ್ದ ವ್ಯಾನಿನತ್ತ ಹೊರಟಿತು. ನೌಮಾನ್ ಬರಿ ಹೆಗಲಲ್ಲಿ ಹಿಂದೆ ನಡೆದ.

*

ಹತ್ತು ವರ್ಷದ ಹಿಂದೆ, ನೌಮಾನ್ ಬಾಲಮಂದಿರದಿಂದ ಬಂದ ಮರುದಿನವೇ ಬಡೇಸಾಬ್ ಅವನನ್ನು ಓಬವ್ವನ ಮನೆಗೆ ಕರೆದೊಯ್ದಿದ್ದ. ಅವನ ಹತ್ತಿರ ಕೆಲಸಕ್ಕೆ ಸೇರುವ ಹುಡುಗರಿಗೆಲ್ಲ ಅದೇ ಮೊದಲ ಕೆಲಸ: ತಾವು ಬೀಗ ಮುರಿದ ಮನೆಗೇ ಹೋಗಿ ಹೊಸ ಬೀಗ ಹಾಕುವುದು.

ಓಬವ್ವ ಪೊರಕೆ ಎತ್ತಿಕೊಂಡಳು. “ಈ ಮುಂಡೇದನ್ನ ನನ್ ಬಾಗ್ಲಿಗೇ ಕರ್ಕಂಬಂದೀಯಾ?”

“ಬೈರಿ ಅವ್ವಾ, ಎಷ್ಟಾದ್ರೂ ಬೈರಿ. ಆದ್ರ ಬೀಗ ಇವ್ನೇ ಹಾಕ್ಲಿ. ಹೆಂಗೆ ಒಳಗ ಬಂದಿದ್ದ ಅನ್ನೋದು ಇವ್ನಿಗೊಬ್ನಿಗೇ ಗೊತ್ತು.”

ಎರಡು ತಾಸು ಅವಳು ಬೈದಳು. ನೌಮಾನನ ಕೈಯಿಂದ ಸ್ಕ್ರೂ ಮೂರು ಸಲ ಕೆಳಗೆ ಬಿತ್ತು. ಕೀಲಿಕೈಗಳನ್ನೆಲ್ಲ ಕಸಿದುಕೊಂಡ ಓಬವ್ವ, ಮರುದಿನ ಬೇರೆಯವರನ್ನು ಕರೆಸಿ ಅದರ ಮೇಲೆ ಇನ್ನೊಂದು ಬೀಗ ಹಾಕಿಸಿದಳು. ಒಂದು ವರ್ಷ ಆ ಬಾಗಿಲಿಗೆ ಎರಡು ಬೀಗ. ಆಮೇಲೆ ಒಂದು ದಿನ ನೋಡಿದರೆ ನೌಮಾನ್ ಹಾಕಿದ್ದು ಮಾತ್ರ ಇತ್ತು.

ಎಲ್ಲ ಹುಡುಗರೂ ಹೀಗೇನಲ್ಲ. ಇಬ್ಬರು ಬಡೇಸಾಬನ ಕೆಲಸದ ಹತ್ಯಾರಗಳನ್ನೇ ಕದ್ದು ಓಡಿಹೋದರು. ಅವನು ಕೀಲಿ ಉಜ್ಜಲು ಹೊಸ ಕಾನಸು ಕೊಂಡು ಮೂರನೆಯವನನ್ನು ಕೂರಿಸಿಕೊಂಡ.

*

ಹರಿಹರದಲ್ಲಿ ಹೊಳೆಯ ಹತ್ತಿರದ ಖಬರಸ್ತಾನದಲ್ಲಿ ಬಡೇಸಾಬನ ಅಪ್ಪನ ಗೋರಿಯ ಪಕ್ಕ ಗುಂಡಿ ತೋಡಿದ್ದರು. ನಮಾಜಿಗೆ ಮುಂಚೆ ಮೌಲಾನಾ ರೂಢಿಯಂತೆ ಕೇಳಿದರು, “ತೀರಿಹೋದ ಈ ಮರಹೂಮರಿಂದ ಯಾರಿಗಾದ್ರೂ ತಪ್ಪಾಗಿದ್ರೆ ಮಾಫ್ ಮಾಡ್ರಿ.”

“ಮಾಫ್ ಮಾಡಿದ್ವಿ!” ಎಲ್ಲರಿಗಿಂತ ಶಬ್ಬೀರ್ ಸಾಹೇಬರ ದನಿಯೇ ಜೋರಾಗಿತ್ತು. ಯಾರಿಗೂ ಏನೂ ಮಾಡದವನನ್ನು ಕ್ಷಮಿಸುವುದು ಎಷ್ಟು ಸಲೀಸು! ಎದೆಯುಬ್ಬಿಸಿ ಕ್ಷಮಿಸಿದರು.

ನಮಾಜು ಮುಗಿಯುವಷ್ಟರಲ್ಲಿ ಗುಂಡಿಯಲ್ಲಿ ಹೊಳೆಯ ನೀರು ಜಿನುಗಿ ಪಾದ ಮುಳುಗುವಷ್ಟು ಕೆಸರಾಗಿತ್ತು. ಕೆಳಗಿದ್ದ ಗುಂಡಿ ತೋಡುವವನು, “ಇನ್ನೊಬ್ರು ಇಳೀರಿ, ಮೇಲಿಂದ ಮಯ್ಯತ್ ಇಳಿಸಿದ್ರ ಹಿಡ್ಕೊಳ್ಳಾಕೆ,” ಎಂದ. ಬಡೇಸಾಬನ ಅಳಿಯ ನಯೀಮನಿಗೆ ಸೊಂಟನೋವು ನೆನಪಾಯಿತು. ಸಾಹೇಬರು ತಮ್ಮ ಪೈಜಾಮ ನೋಡಿಕೊಂಡರು. ಮರ್ಯಾದಸ್ಥರು ಒಬ್ಬರ ಹಿಂದೊಬ್ಬರು ಸರಿದರು.

ನೌಮಾನ್ ಪ್ಯಾಂಟು ಮಡಚಿ ಇಳಿದ. ಈಗ ಕೈ ತೆಗಿ ಎಂದು ಯಾರೂ ಅನ್ನಲಿಲ್ಲ. ಉಸ್ತಾದನನ್ನು ಎದೆಗಾನಿಸಿಕೊಂಡು ಇಳಿಸಿ, ಮಲಗಿಸಿ, ಮುಖವನ್ನು ಪಶ್ಚಿಮಕ್ಕೆ ಹೊರಳಿಸಿದ. ಹಲಗೆ ಜೋಡಿಸಿದ. ಗುಂಡಿ ತೋಡುವವನು ಮೇಲೆ ಹತ್ತಿ ಸಲಿಕೆ ತರಲು ಹೋದ.

ನೌಮಾನನೂ ಹತ್ತಲು ನೋಡಿದ. ಕೆಸರಿಗೆ ಕಾಲು ಜಾರಿತು. ಕೈ ಮೇಲೆ ಚಾಚಿದ.

ಸುತ್ತಲೂ ಬಗ್ಗಿ ನಿಂತವರು ಮಣ್ಣು ಹಾಕಲು ಅವಸರದಲ್ಲಿದ್ದರು. ಎಲ್ಲರ ಮುಷ್ಟಿಯಲ್ಲೂ ಮಣ್ಣಿತ್ತು, ಒಂದು ಕೈಯೂ ಖಾಲಿ ಇರಲಿಲ್ಲ.

“ಬಿಸ್ಮಿಲ್ಲಾ,” ಎಂದರು ಶಬ್ಬೀರ್ ಸಾಹೇಬರು. ಮೊದಲ ಹಿಡಿ ನೌಮಾನನ ತಲೆಯ ಮೇಲೆ ಬಿತ್ತು.